ಇಳಕಲ್ಲದ ನಮ್ಮಜ್ಜ, ಗಿಳಿ ಹಸರ ಸೀರಿ

ಮೊನ್ನೆ ನಮ್ಮಜ್ಜನ ಮೊದಲನೇ ವರ್ಷದ ಪುಣ್ಯಸ್ಮರಣೆ ಇತ್ತು, ಇಳಕಲ್ಲದಾಗ, ನಮ್ಮ ಓಣಿಯ ಸಮುದಾಯ ಭವನದಾಗ. ಅಲ್ಲಿ ನಾ ಆಡಿದ ಮಾತು ಬರದು ಕೊಡವ್ವಾ ಅಂತ ಭಾಳ ಮಂದಿ ಕೇಳಿದ್ರು. ನನ್ನ ತಮ್ಮ ಫೋನಿನ್ಯಾಗ ರೆಕಾರ್ಡ್ ಮಾಡಿದ್ದ, ಆದ್ರ ಫ್ಯಾನಿನ ಸಪ್ಪಳದಾಗ ಅರ್ಧ ಕೇಳಸೂದ ಇಲ್ಲ, ಅದಕ್ಕ ನೆನಪಿದ್ದಷ್ಟು ಬರದೀನಿ, ಅಲ್ಲಿ ಅಳು ಬಂದು ಬಿಟ್ಟುಹೋದ ಒಂದೆರಡು ಮಾತೂ ಇಲ್ಲಿ ಸೇರಿಸೀನಿ.

ಎಲ್ಲಾರಿಗೂ ಶರಣು ಶರಣಾರ್ಥಿ.

ಇಲ್ಲಿ ಮುಂದ ಕುಂತ ಹಿರ್ಯಾರು ಅರ್ಧ ಮಂದಿ ನಮ್ಮಜ್ಜನ ಜೋಡಿ ಮಗ್ಗದಾಗ ಕುಂತವರು. ಅಂವನ ಕೈ ಎಂಥಾದಿತ್ತು ಅನ್ನೂದು ನನಕಿಂತ ನಿಮಗ ಚೊಲೋ ಗೊತ್ತೈತಿ. ನಾ ಮನಿಯೊಳಗಿನ ಸುದ್ದಿ ಹೇಳ್ತೀನ್ರಿ. ಮತ್ತ ನಾ ಅಜ್ಜಗ ಅಂವ, ಅಂತಿದ್ದ ಅಂತ ಮಾತಾಡ್ತೀನಿ, ಯಾರೂ ತಪ್ಪು ತಿಳ್ಕೋಬ್ಯಾಡ್ರಿ, ನಮ್ಮ ಕಡೆ ಅಜ್ಜಗ ಬಹುವಚನ ಹಚ್ಚಿದ್ರ ಅಂವ ಯಾರೋ ಬ್ಯಾರೆಯವರ ಮನಿ ಅಜ್ಜ ಆಗಿಬಿಡ್ತಾನ.

ಅಜ್ಜ ಹುಟ್ಟಿದ್ದು 1944ರಾಗ. ಆವಾಗ ಇದೆಲ್ಲಾ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲಾ. 1997ರಾಗ ಬಾಗಲಕೋಟಿ ಬ್ಯಾರೆ ಜಿಲ್ಲಾ ಆತು, ಆದ್ರೂ ಅಜ್ಜ ವಿಳಾಸ ಬರಸೂವಾಗ ತಾಲೂಕ ಹುನಗುಂದ, ಜಿಲ್ಲಾ ಬಿಜಾಪುರ ಅಂತನ ಹೇಳಾಂವ. ತಿದ್ದಾಕ ಹೋದ್ರ, ಊರು ಇದ್ದಲ್ಲೇ ಐತೆಲ್ಲವಾ, ಪೋಸ್ಟಮನ್‌ಗ ಗೊತ್ತೈತಿ ಅಂತಿದ್ದ. ನಾಕನೇತ್ತದ ತನಕ ಸಾಲಿ. ಹದಿನಾಕು ವರ್ಷಕ್ಕ ಕುಣಿಮಗ್ಗಕ್ಕ ಕಾಲು ಇಳಿಬಿಟ್ಟಾಂವ ಮುಂದ ಅರವತ್ತು ವರ್ಷ ಮ್ಯಾಲೆ ಎತ್ತಲಿಲ್ಲ.

ಬೆಂಗಳೂರು ಪುಣೆದಾಗ ಬೆಳೆದ ನಮ್ಮ ಹುಡುಗುರು ಇಲ್ಲಿ ಅದಾರ, ಅವರ ಸಲುವಾಗಿ ಒಂದೀಟು ಮಗ್ಗದ ಸುದ್ದಿ ಹೇಳ್ತೀನಿ. ಕುಣಿಮಗ್ಗ ಅಂದ್ರ ನೆಲದಾಗ ತಗ್ಗು ತೆಗೆದು ಅದರಾಗ ಕಾಲು ಬಿಟ್ಟು ಕುಂದ್ರೂದು. ನಮ್ಮ ಬಿಸಲಿಗೆ ನೂಲು ಒಣಗಿ ಪಟಪಟ ಹರೀತಾವ, ನೆಲದ ತಂಪು ಇದ್ರ ಅಷ್ಟು ಹರಿಯೂದಿಲ್ಲ. ಒಂದು ಸಣ್ಣ ಕಿಡಕಿ, ಅದರ ಬೆಳಕಿನ್ಯಾಗ ಅಡ್ಡ ನೂಲು ಒಯ್ಯೂ ಲಾಳಿ ಅತ್ತಿಂದಿತ್ತ. ಮತ್ತ ಇಳಕಲ್ ಸೀರಿಯೊಳಗ ಬ್ಯಾರೆ ಎಲ್ಲೂ ಇಲ್ಲದ್ದು ಒಂದೈತಿ, ಕೊಂಡಿ. ಸೀರಿ ಒಡಲು ಹತ್ತಿ ನೂಲಿಂದು, ಸೆರಗು ರೇಶಿಮಿಂದು, ಎರಡರ ಹಾಸು, ಅಂದ್ರ ಉದ್ದಕ ಹಾಕೂ ಎಳಿ, ಬ್ಯಾರೆಬ್ಯಾರೆ. ಅವೆರಡನ್ನೂ ಜೋಡಸಬೇಕಂದ್ರ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಬೇಕು, ಒಂದರಾಗ ಒಂದು ಸಿಗಿಸಿ, ಸಾವಿರಾರು ಎಳಿ, ಒಂದೂ ಬಿಡಂಗಿಲ್ಲ. ಅದಕ್ಕ ಒಂದೊಂದು ಸೀರಿಗೂ ಒಂದೊಂದು ಹಾಸು, ಉದ್ದಕ ಹಾಸು ಮಾಡ್ಕೊಂಡು ಸೀರಿ ಮ್ಯಾಲೆ ಸೀರಿ ನೇಯಾಕ ಬರೂದಿಲ್ಲ. ಅಂಗಡಿಗೆ ಬಂದವರಿಗೆ ಅಜ್ಜ ಇದನ್ನ ತೋರಸಾಂವ. ಸೀರಿ ತಿರುವಿ ಒಡಲು ಸೆರಗು ಕೂಡೂ ಜಾಗ ಬೆಳಕಿಗೆ ಹಿಡೀರಿ, ಅಲ್ಲಿ ಕೊಂಡಿ ಕಾಣಬೇಕು, ಕಂಡ್ರ ಇಳಕಲ್ಲದ್ದು, ಇಲ್ಲಂದ್ರ ಬರೇ ಬಣ್ಣ ಅಂತ.

ಈ ಕೊಂಡಿ ಹಾಕೂ ಕೆಲಸ ನಮ್ಮನ್ಯಾಗ ಆಯಿದು, ಅಂದ್ರ ನಮ್ಮ ಅಜ್ಜಿದು. ಅಜ್ಜ ಒಂದ್ಕಡೆ ಕುಂತು ಎಳಿ ಬಿಡಿಸಿ ಕೊಡಾಂವ, ಆಯಿ ಈಕಡೆ ಕುಂತು ಕೈಬಟ್ಟಿನ ತುದಿಲೆ ಸಿಗಿಸಿ ಸಿಗಿಸಿ ಹಾಕಾಕಿ, ತಾಸುಗಟ್ಲೆ. ಸಣ್ಣಾಕಿದ್ದಾಗ ನಾ ಆ ಹಾಸಿನ ಕೆಳಗ ಮಲಗಿ ಮ್ಯಾಲೆ ನೋಡ್ತಿದ್ದೆ, ಎರಡು ಜೋಡಿ ಕೈ ಅಷ್ಟ ಕಾಣತಿದ್ವು, ಆಯಿ ಹಸರ ಬಳಿ ಸಪ್ಪಳ, ಅಜ್ಜನ ಬಟ್ಟಿನ ಮ್ಯಾಲೆ ನೂಲು ಕೊರದ ಗೆರಿ. ಮಾತಿಲ್ಲ. ಅವರಿಬ್ಬರೂ ಜಗಳ ಆಡ್ತಿದ್ದಿಲ್ಲಂತ ಹೇಳಿದ್ರ ಸುಳ್ಳಾಕ್ಕೈತಿ, ಭಾಳ ಆಡ್ತಿದ್ರು, ರೊಕ್ಕದ ಸಲುವಾಗಿ, ಅತ್ತಿ ಮದುವಿ ಸಲುವಾಗಿ, ಬರೇ ಉಪ್ಪಿನ ಸಲುವಾಗಿನೂ ಆಡಿದ್ದು ನಾ ಕೇಳೀನಿ. ಆದ್ರ ಕೊಂಡಿ ಹಾಕೂ ದಿನ ಬಂತಂದ್ರ ಎದರಾಬದರ ಕುಂದ್ರಬೇಕಲ್ರಿ, ಎಳಿ ಕೊಡು, ತಗೋ, ಕೊಡು, ತಗೋ. ಮುಂಜಾನೆ ಮುಖ ತಿರುವಿ ಕುಂತವರು ಮಧ್ಯಾಹ್ನ ಆಗೂದ್ರೊಳಗ ಚಹಾ ಮಾಡ್ಲೇನ್ರೀ ಅಂತ ಆಯಿ ಕೇಳೂದು, ಸಕ್ರಿ ಕಮ್ಮಿ ಹಾಕು ಅಂತ ಅಜ್ಜ ಅನ್ನೂದು. ಜಗಳ ಮುಗಿದದ್ದು ನಮಗ ಗೊತ್ತಾಗತಿದ್ದದ್ದು ಆ ಸಕ್ರಿ ಮಾತಿನಿಂದನ.

ಸೀರಿ ಕೊಟ್ಟು ಬಂದ ದಿನ ಕೂಲಿ ರೊಕ್ಕ ಅಜ್ಜ ತನ್ನ ಕಿಸೆದಾಗ ಇಟ್ಕೊಂಡಿದ್ದು ನಾ ನೋಡೇ ಇಲ್ಲ. ಹೊಸ್ತಲ ದಾಟಿ ಬಂದಾಂವ ಸೀದಾ ಒಳಗ ಹೋಗಿ ಆಯಿ ಕೈಯಾಗ ಹಾಕಾಂವ. ಹೊಸತಾಗಿ ಮದುವಿ ಆದಾಗ ಒಬ್ರು ಹಿರ್ಯಾರು, ಹೆಣಮಕ್ಕಳ ಕೈಯಾಗ ರೊಕ್ಕ ಕೊಟ್ರ ಮನಿ ಉಳಿಯೂದಿಲ್ಲೋ ಅಂದ್ರಂತ. ಅದಕ್ಕ ಅಜ್ಜ ಹೇಳಿದ್ನಂತ, ನೂಲಿನ ಕಂಡಿಕಿ ಸುತ್ತಾಕಿ ಆಕಿ, ಗಂಜಿ ಹಚ್ಚಾಕಿ ಆಕಿ, ಕೊಂಡಿ ಹಾಕಾಕಿ ಆಕಿ, ನಾ ಲಾಳಿ ಒಗ್ಯಾಂವ ಅಷ್ಟ, ಕೂಲಿ ಅರ್ಧ ಆಕಿದೈತಿ, ಇನ್ನರ್ಧಕ್ಕ ನನಗ ಅಡಗಿ ಮಾಡಿ ಹಾಕ್ತಾಳ ಅಂತ. ಈ ಮಾತು ಆಯಿ ನಮಗ ಎಷ್ಟು ಸಲ ಹೇಳ್ಯಾಳಂದ್ರ ನಮ್ಮ ಮನಿ ಸಣ್ಣ ಕೂಸಿಗೂ ಬಾಯಿಪಾಠ ಐತಿ.

ಈಗ ಗಿಳಿ ಹಸರ ಸೀರಿ ಸುದ್ದಿ. ಆಯಿ ಇವತ್ತ ಉಟ್ಕೊಂಡು ಮುಂದ ಕುಂತಾಳ ನೋಡ್ರಿ, ಅದ. ಹೊಸ ಕೆಂಪು ಸೆರಗು ಅಲ್ಲ ಅದು, ಖರೇ ರೇಶಿಮಿ ಹಾಕಿದ ಕಾಲದ ತೋಪತೆನಿ ಸೆರಗು, ಕೆಂಪಿನ ಮ್ಯಾಲಿನ ಬಿಳಿ ತೆನಿ ಸಾಲು ಇನ್ನೂ ಒಂದೂ ಅಲುಗಿಲ್ಲ.

1979ರ ಮಾತು. ನಮ್ಮಪ್ಪ ಆವಾಗ ಹತ್ತು ವರ್ಷದ ಹುಡುಗ. ಮನಿಯಾಗ ಲೈಟ್ ಇರಲಿಲ್ಲ, ಇದ್ದದ್ದು ಒಂದ ಕಂದೀಲು, ಅದು ಮಗ್ಗದ ಮ್ಯಾಲೆ ತೂಗ್ತಿತ್ತು. ಪರೀಕ್ಷಾ ಮುಂದಿತ್ತು. ಅಜ್ಜ ಉಣ್ಣಾಕ ಎದ್ದಾಗ ಅಪ್ಪ ಓದಾಕಂತ ಆ ಕಂದೀಲು ಇಳಿಸಿಕೊಂಡು ಮಗ್ಗದ ದಂಡಿಗೆ ಇಟ್ಟಾನ, ಪುಸ್ತಕ ತಿರುವೂವಾಗ ಮೊಣಕೈ ಬಡಿದು ಉರುಳಿತು. ಉರಿ ಹತ್ತಲಿಲ್ಲ, ಪುಣ್ಯ, ಆದ್ರ ಚಿಮಣಿ ಎಣ್ಣಿ ನೇದ ಸೀರಿ ಮ್ಯಾಲೆ ಹರೀತು, ಮಸಿನೂ ಹತ್ತಿತು. ಅಪ್ಪ ಹೇಳ್ತಾನ, ನಾ ಹೊಡತಕ್ಕ ತಯಾರಾಗಿ ಗ್ವಾಡಿಗೆ ಹತ್ತಿ ನಿಂತಿದ್ದೆ ಅಂತ. ಅಜ್ಜ ಬಂದು ಮೊದಲ ಕಂದೀಲು ಎತ್ತಿಟ್ಟ. ಆಮ್ಯಾಲೆ ಅಪ್ಪನ ಎರಡೂ ಕೈ ಹಿಡಿದು ತಿರುವಿ ತಿರುವಿ ನೋಡಿದ, ಸುಟ್ಟಾವೇನಂತ. ತೊಳದ್ರ ಹೋಗತೈತಿ, ನೀ ಓದ್ಕೋ ಹೋಗು ಅಂದ. ಅಷ್ಟ.

ತೊಳದ್ರ ಹೋಗಲಿಲ್ಲ. ನೂಲು ಕೊಟ್ಟು ಕೂಲಿಗೆ ನೇಯಿಸೂ ಸಾವುಕಾರ ಸೀರಿ ಬಿಚ್ಚಿ ನೋಡಿ ಇದನ್ನ ನೀನ ಇಟ್ಕೋ, ನೂಲು ರೇಶಿಮಿ ರೊಕ್ಕ ಕೂಲಿಯಾಗ ಮುರಕೋತೀನಿ ಅಂದ್ರು. ಯಾರ ಕೈಯಿಂದ ಆತು ಅಂತ ಕೇಳಿದ್ರ ಅಜ್ಜ, ನನ್ನ ಕೈಯಿಂದ ಅಂದ. ನಾಕು ತಿಂಗಳು ಕೂಲಿ ಮುರದ್ರು. ಆ ನಾಕು ತಿಂಗಳು ಮನಿಯಾಗ ಪಲ್ಲೆ ಇದ್ದದ್ದು ಕಮ್ಮಿ, ರೊಟ್ಟಿ, ಶೇಂಗಾಹಿಂಡಿ, ಒಮ್ಮೊಮ್ಮೆ ಮಜ್ಜಿಗಿ. ಅಪ್ಪಗ ಏನೂ ಗೊತ್ತಿಲ್ಲ, ಅಂವ ಕಲೆ ಹೋಗೇತಿ ಅಂತನ ತಿಳ್ಕೊಂಡಿದ್ದ. ತನ್ನ ಮದುವಿ ಆದಮ್ಯಾಲೆ ಯಾವುದೋ ಮಾತಿನ್ಯಾಗ ಆಯಿ ಬಾಯಿಂದ ಬಂತಂತ, ಆವತ್ತ ಅಪ್ಪ ಎದ್ದು ಹಿತ್ತಲಕ್ಕ ಹೋಗಿ ಭಾಳ ಹೊತ್ತು ಒಳಗ ಬರಲಿಲ್ಲಂತ. ಆಯಿ ಆ ಸೀರಿನ ಹಬ್ಬಕ್ಕ, ಜಾತ್ರಿಗೆ, ಎಲ್ಲಾರ ಮದುವಿಗೂ ಉಟ್ಟಾಳ. ಕಲೆ ಇದ್ದ ಕಡೆ ನಿರಗಿ ಒಳಗ ಬರೂವಂಗ ಉಡ್ತಾಳ, ಯಾರಿಗೂ ಕಾಣೂದಿಲ್ಲ. ಎಷ್ಟನೇ ನಿರಗಿ ಅನ್ನೂದು ಆಕಿಗೆ ಅಷ್ಟ ಗೊತ್ತು.

ಮರು ವರ್ಷ ಮನಿಗೆ ಎರಡನೇ ಕಂದೀಲು ಬಂತು. ಅದಕ್ಕ ರೊಕ್ಕ ಎಲ್ಲಿಂದ ಬಂತು ಅನ್ನೂದೂ ಹೇಳಬೇಕು. ಚಿತ್ತರಗಿ ಮಠದ ಸ್ವಾಮಿಗಳು ಮಹಾಂತ ಅಪ್ಪಗಳು 1970ರ ದಶಕದಾಗ ಜೋಳಿಗಿ ಹಿಡಿದು ಹೊಂಟದ್ದು ಇಲ್ಲಿ ಎಲ್ಲಾರಿಗೂ ಗೊತ್ತದ, ಅಕ್ಕಿ ಜ್ವಾಳ ಬ್ಯಾಡ, ನಿಮ್ಮ ಚಟ ಹಾಕ್ರಿ ಅಂತ ಓಣಿ ಓಣಿ ತಿರಗಿದವರು, ಇವತ್ತಿಗೂ ಅವರು ಹುಟ್ಟಿದ ಆಗಸ್ಟ್ 1ನ್ನ ಸರಕಾರ ವ್ಯಸನಮುಕ್ತ ದಿನ ಅಂತ ಆಚರಸ್ತೈತಿ. ಆ ಜೋಳಿಗಿ ನಮ್ಮ ಓಣಿಗೆ ಬಂದಾಗ ಅಜ್ಜ ಮಗ್ಗದಿಂದ ಎದ್ದು ಬಂದು ಬೀಡಿ ಕಟ್ಟು, ಕಡ್ಡಿಪೆಟ್ಟಿಗಿ ಎರಡೂ ಹಾಕಿದ. ಒಂದ ಏಟಿಗೆ ಬಿಟ್ಟನಂತ ನಾ ಹೇಳೂದಿಲ್ಲ. ಎಂಟು ದಿನಕ್ಕ ಬಾವಿ ಹಿಂದ ಹೋಗಿ ಒಂದು ಸೇದಿ ಬಂದ, ಬಂದಾಂವ ತಾನ ಆಯಿ ಮುಂದ ಕುಂತು ಹೇಳಿದ. ಆಕಿ ಬೈಲಿಲ್ಲಂತ, ನಾಳಿಂದ ಮತ್ತ ಒಂದನೇ ದಿನ ಅಂತ ಎಣಸ್ರಿ ಅಂದಳಂತ. ಕೈ ಸುಮ್ನ ಇರಬೇಕಲ್ಲ, ಅದಕ್ಕ ಆಯಿ ಬೀಡಿ ಇಡೂ ಕಿಸೆದಾಗ ಪುಠಾಣಿ ತುಂಬಿ ಕಳಸಾಕ ಹತ್ತಿದಳು. ಬೀಡಿ ರೊಕ್ಕ ಡಬ್ಬಿಗೆ ಬಿತ್ತು, ಡಬ್ಬಿ ರೊಕ್ಕದಾಗ ಕಂದೀಲು ಬಂತು, ಆ ಕಂದೀಲಿನ ಬೆಳಕಿನ್ಯಾಗ ನಮ್ಮಪ್ಪ ಎಸ್ಸೆಸ್ಸೆಲ್ಸಿ ಪಾಸಾಗಿ ಮುಂದ ಸಾಲಿ ಮಾಸ್ತರ ಆದ. ಮತ್ತ ಆ ಪುಠಾಣಿ ನಮ್ಮ ಪಾಲಿಗೆ ಬಂತು. ನಾವು ಹನ್ನೊಂದು ಮಂದಿ ಮೊಮ್ಮಕ್ಕಳು, ಒಬ್ಬೊಬ್ಬರೂ ಅಜ್ಜನ ಕಿಸೆದಾಗ ಕೈ ಹಾಕಿ ಬೆಳದೀವಿ. 2018ರಾಗ ಅಪ್ಪಗಳು ಲಿಂಗೈಕ್ಯ ಆದಾಗ ಅಜ್ಜ ಮೊಣಕಾಲು ನೋವು ಇಟ್ಕೊಂಡು ಮಠಕ್ಕ ನಡಕೋತ ಹೋದ, ಕಿಸೆದಾಗ ಪುಠಾಣಿ ಇದ್ವು.

ಬನದ ಹುಣ್ಣಿಮಿ ಬಂತಂದ್ರ ಮಗ್ಗ ಬಂದ್. ಬಾದಾಮಿ ಬನಶಂಕರಿ ಜಾತ್ರಿಗೆ ಎಲ್ಲಾರನ್ನೂ ಕರಕೊಂಡು ಹೋಗಾಂವ, ತೇರು ನೋಡಿ, ಹೊಂಡದಾಗ ಕಾಲು ತೊಳದು, ರಾತ್ರಿ ನಾಟಕ. ತಿಂಗಳುಗಟ್ಲೆ ಅಲ್ಲಿ ಕಂಪನಿ ಡೇರೆ ಬಿದ್ದಿರ್ತಾವ. ಅಜ್ಜಗ ನಾಟಕದ ಹುಚ್ಚು ಎಷ್ಟಂದ್ರ ಕಾಮಿಡಿ ಮಾತಿಗೆ ಮಂದಿ ನಗೂದಕ್ಕ ಮೊದಲ ತಾನ ನಗಾಂವ, ಹಿಂದಿನ ವರ್ಷ ಕೇಳಿದ್ನಲ್ಲ. ನಾ ಅಂವನ ತೊಡಿ ಮ್ಯಾಲೆ ಮಲಗಿಬಿಡಾಕಿ, ಧೋತರದಾಗ ಗಂಜಿ ವಾಸನಿ.

ಈಗ ಒಂದು ಮಾತು ಹೇಳಬೇಕು, ಹೇಳಾಕ ತ್ರಾಸ ಆಕ್ಕೈತಿ. ಅಜ್ಜ ತನ್ನ ಮೂರೂ ಮಕ್ಕಳಿಗೆ ಮಗ್ಗ ಕಲಿಸಲಿಲ್ಲ. ಕುಣಿ ಹಂತೇಕ ಬಂದ್ರ ಬೈತಿದ್ದ. ಲಾಳಿ ಮುಟ್ಟಿದ್ರ ಅಪ್ಪಗ ಅಂವ ಹೊಡದದ್ದೂ ಅದ ಒಂದ್ಸಲ ಅಂತ, ಎಣ್ಣಿ ಚೆಲ್ಲಿದಾಗ ಹೊಡೀಲಿಲ್ಲ, ಲಾಳಿ ಹಿಡಿದಾಗ ಹೊಡದ. ಇದರಾಗ ಒಮ್ಮೆ ಕುಂತ್ರ ಹೊರಗ ಬರೂದಿಲ್ಲ, ಸಾಲಿಗೆ ಹೋಗ್ರಿ ಅನ್ನಾಂವ. ಹೋದ್ರು, ಎಲ್ಲಾರೂ ನೌಕರಿ ಹಿಡದ್ರು, ಅದರ ಮ್ಯಾಲೆ ನಾವೆಲ್ಲಾ ಓದಿದ್ವಿ, ನಾ ಇವತ್ತ ಬೆಂಗಳೂರಾಗ ಕಂಪನಿಯೊಳಗ ಕೂತು ದುಡೀತೀನಂದ್ರ ಅದು ಅಂವ ಹಾಕಿದ ಹಾದಿ. ಆದ್ರ ಎಪ್ಪತ್ತು ದಾಟಿದ ಮ್ಯಾಲೆ ಸಂಜೀ ಮುಂದ ಕಟ್ಟಿ ಮ್ಯಾಲೆ ಕುಂತು, ನನ್ನ ಮನಿಯಾಗ ನನ್ನ ಕೆಲಸ ಬಲ್ಲವರು ಯಾರೂ ಇಲ್ಲದಂಗ ಆತಲಾ ಅಂತ ಅಂದದ್ದನ್ನ ನಾ ಕಿವಿಯಾರೆ ಕೇಳೀನಿ. ಎರಡೂ ಅಂವಂದ ಮಾತು. ಅಪ್ಪ ಅದನ್ನ ಕೇಳಿದಾಗೊಮ್ಮೆ ತಲಿ ಕೆಳಗ ಹಾಕ್ತಿದ್ದ. ಅಂವ ಮಾಡಿದ್ದು ಸರಿನೋ ತಪ್ಪೋ ಅಂತ ತೀರ್ಪು ಕೊಡೂವಷ್ಟು ದೊಡ್ಡಾಕಿ ನಾ ಅಲ್ಲ. ನಾಕು ತಿಂಗಳು ಕೂಲಿ ಮುರಿಸಿಕೊಂಡಾಂವ ತನ್ನ ಮಗ ಆ ಕುಣಿಗೆ ಇಳೀಬಾರದು ಅಂದ್ಕೊಂಡದ್ದು ನನಗ ತಿಳೀತೈತಿ, ಅಷ್ಟು ಹೇಳಬಲ್ಲೆ.

ಅಂವ ಕುಂತಲ್ಲೇ ಎಲ್ಲಾ ಬದಲಾತು. ರೇಶಿಮಿ ತುಟ್ಟಿ ಆಗಿ ಸೆರಗಿಗೆ ಚಮಕಾ ನೂಲು, ಅಂದ್ರ ನಕಲಿ ರೇಶಿಮಿ, ಬಂತು. ಬಾಜೂ ಓಣಿಯಾಗ ಪಾವರ್‌ಲೂಮ್ ಖಟಖಟ ಸುರು ಆದ್ವು, ಅಂವ ವಾರಗಟ್ಲೆ ನೇಯೂ ಹೊತ್ತಿನ್ಯಾಗ ಅವು ಸಾಲಾಗಿ ಒಗದು ಬಿಡ್ತಾವ. ಕೈಮಗ್ಗಕ್ಕಂತ ಕೆಲವು ನಮೂನಿ ಬಟ್ಟಿ ಮೀಸಲಿಡೂ ಕಾಯ್ದೆ 1985ರಾಗನ ಆಗೇತಿ, ಅದರಾಗ ಸೀರಿನೂ ಅದಾವ. ಅಜ್ಜ ಅಪ್ಪಗ ಪೇಪರ್ ಓದಸಿ ಕೇಳಾಂವ, ಕಾಯ್ದೆ ಐತೆಲ್ಲೋ ಮಾಸ್ತರ, ಮತ್ತ ಅದು ಯಾರ ಮನಿಯಾಗ ಮಲಗೇತಿ ಅಂತ. ನಮ್ಮ ಸೀರಿಗೆ ಜಿಐ ಟ್ಯಾಗ್ ಸಿಕ್ಕಾಗ ನಾ ಅಂವಗ ಬಿಡಿಸಿ ಹೇಳಿದೆ, ಇಳಕಲ್ ಅನ್ನೂ ಹೆಸರಿಗೆ ಸರಕಾರದ ಶಿಕ್ಕಾ ಬಿದ್ದಂಗ ಅಜ್ಜಾ ಅಂತ. ಭಾಳ ಖುಷಿ ಆದ. ಆಮ್ಯಾಲೆ ಕೂಲಿ ಎಷ್ಟು ಏರತೈತಿ ಅಂತ ಕೇಳಿದ, ನನ್ನ ಹಂತೇಕ ಉತ್ತರ ಇರಲಿಲ್ಲ.

2020ರ ಲಾಕ್‌ಡೌನ್‌ದಾಗ ನಾ ಲ್ಯಾಪ್‌ಟಾಪ್ ಹೊತ್ಕೊಂಡು ಊರಿಗೆ ಬಂದೆ. ಮಾರಾಟ ಇಲ್ಲ, ಸೀರಿ ಗಂಟು ಹಂಗ ಬಿದ್ದಾವ, ಸಾವುಕಾರ ನೂಲು ಕೊಡೂದು ನಿಲ್ಲಿಸಿದ್ರು. ಅಜ್ಜಗ ಎಪ್ಪತ್ತಾರು. ಕೈಯಾಗ ಕೆಲಸ ಇಲ್ಲದ ಅಂವನ್ನ ನಾ ಅದ ಮೊದಲ ಸಲ ನೋಡಿದ್ದು, ಮನಿಯೊಳಗ ಹೊರಗ ತಿರಗಾಂವ, ಬಂದು ಮಗ್ಗ ಮುಟ್ಟಿ ಹೋಗಾಂವ. ಒಂದಿನ ನಾ ಧೈರ್ಯ ಮಾಡಿ, ಅಜ್ಜಾ ನನಗ ಕಲಸು ಅಂದೆ. ಬೈತಾನ ಅಂದ್ಕೊಂಡಿದ್ದೆ. ಅಂವ ಆಯಿ ಕಡೆ ನೋಡಿದ. ಆಕಿ ಅಟ್ಟದ ಮ್ಯಾಲಿನ ಡಬ್ಬಿ ಇಳಿಸಿ ಉಳಿದ ಪಳಿದ ನೂಲು ತೆಗದಳು, ಒಂದೀಟು ಹತ್ತಿ, ಒಂದೀಟು ಹಳೇ ರೇಶಿಮಿ. ಇಬ್ರೂ ಕೂಡಿ ಒಂದು ಮೊಳದಷ್ಟ ಹಾಸು ಮಾಡಿ, ಎದರಾಬದರ ಕುಂತು ಕೊಂಡಿ ಹಾಕಿದ್ರು. ಆ ವಯಸ್ಸಿನ್ಯಾಗ ಆಯಿ ಕಣ್ಣು ಕಾಣೂದು ಅಷ್ಟಕ್ಕಷ್ಟ, ಬೆರಳಿಗೆ ಗೊತ್ತೈತಿ ತಗೋ ಅಂದಳು.

ಕುಣಿಯಾಗ ಕುಂತೆ. ಕಾಲು ಒಂದು ಮಾಡಿದ್ರ ಕೈ ಇನ್ನೊಂದು ಮಾಡತಿತ್ತು, ಲಾಳಿ ಜಾರಿ ನೆಲಕ್ಕ, ಎಳಿ ಹರದು ಹರದು ಬಿದ್ವು. ಅಜ್ಜ ಹಿಂದ ಕುಂತು ಹರದಾಗೊಮ್ಮೆ ನನ್ನ ಹೆಗಲ ಮ್ಯಾಲಿಂದ ಕೈ ಚಾಚಿ ಗಂಟು ಹಾಕಾಂವ, ಒಂದು ಮಾತಿಲ್ಲ. ಯಾವಾಗೋ ಒಮ್ಮೆ, ಯವ್ವಾ, ಅವಸರ ಮಾಡಬ್ಯಾಡ, ಬಟ್ಟಿ ಎಲ್ಲೂ ಓಡಿ ಹೋಗೂದಿಲ್ಲ ಅಂದ. ಹದಿನೈದು ದಿನಕ್ಕ ಒಂದು ಗೇಣು ನೇದೆ. ಆಮ್ಯಾಲೆ ನನ್ನ ಆಫೀಸಿನ ಕೆಲಸ ಜಾಸ್ತಿ ಆತು, ಉಳಿದದ್ದನ್ನ ಅಂವ ಕುಂತು ಮುಗಿಸಿದ. ಅದರ ಮ್ಯಾಲೆ ಅಂವ ಮಗ್ಗದಾಗ ಕುಂತದ್ದು ನಾ ನೋಡಲಿಲ್ಲ, ಮೊಣಕಾಲು ಬಿಡಲಿಲ್ಲ.

ಹೋದ ವರ್ಷ ಹೋಗೂದಕ್ಕ ನಾಕು ದಿನ ಮೊದಲ ಅಂವ ಮೂರೂ ಮಕ್ಕಳನ್ನ ಹಾಸಿಗಿ ಹಂತೇಕ ಕರದ. ಹೊಲ ಇಲ್ಲ ಮನಿ ಇಲ್ಲ ಹಂಚಾಕ. ಹೇಳಿದ್ದು ಒಂದ ಮಾತು. ನಾ ಹೋದಮ್ಯಾಲೆ ಆಕಿ ಬಳಿಗೆ ಯಾರೂ ಕೈ ಹಚ್ಚಬ್ಯಾಡ್ರಿ, ಕುಂಕುಮ ಅಳಸಬ್ಯಾಡ್ರಿ, ನಾ ಬರೂದಕ್ಕ ಮೊದಲೂ ಅವು ಆಕಿವು ಇದ್ವು. ಹಸರ ಸೀರಿ ಉಟ್ಕೊಂಡು ನನ್ನ ಕಳಸ್ಲಿ. ಅಂವ ಹೋದ ದಿನ ಬಂದವರೊಳಗ ಒಬ್ಬಿಬ್ರು ಹೆಣಮಕ್ಕಳು ಪದ್ಧತಿ ಅಂತ ಮುಂದ ಬಂದ್ರು. ನಮ್ಮಪ್ಪ, ಯಾರ ಮುಂದೂ ದನಿ ಏರಸದ ನಮ್ಮಪ್ಪ, ಅಡ್ಡ ನಿಂತ. ಆಯಿ ಒಳಗ ಹೋಗಿ ಟ್ರಂಕ್ ತೆಗದು ಈ ಸೀರಿ ಉಟ್ಕೊಂಡು ಬಂದಳು, ಕಲೆ ಇದ್ದ ನಿರಗಿ ಒಳಗ ಹಾಕಿ.

ಇಲ್ಲಿಗೆ ನನ್ನ ಮಾತು ಮುಗೀತು, ಆದ್ರ ಆ ಒಂದು ಮೊಳದ ಬಟ್ಟಿ ಬ್ಯಾಗಿನ್ಯಾಗ ತಂದಿದ್ದೆ, ಅದನ್ನ ಮುಂದ ಕುಂತ ಕಾಕಾಗೋಳ ಕೈಗೆ ಕೊಟ್ಟೆ, ನೋಡ್ರಿ ಅಂತ. ಅಜ್ಜನ ಜೋಡಿ ನಲವತ್ತು ವರ್ಷ ಬಾಜೂ ಮಗ್ಗದಾಗ ನೇದ ಒಬ್ರು ಹಿರ್ಯಾರು, ಈಗ ಕಣ್ಣು ಪೂರಾ ಮಬ್ಬು, ಅದನ್ನ ತೊಡಿ ಮ್ಯಾಲೆ ಹಾಸಿಕೊಂಡು ಹೆಬ್ಬಟ್ಟು ಮೆಲ್ಲಕ ಸರಿಸಿಕೋತ ಬಂದ್ರು. ಒಂದ್ಕಡೆ ಹೆಬ್ಬಟ್ಟು ನಿಂತಿತು. ಇಲ್ಲಿಂದ ಮುಂದ ನಿಮ್ಮಜ್ಜ ಅಂದ್ರು. ನಾ ಯಾರಿಗೂ ಹೇಳಿರಲಿಲ್ಲ. ಸರಿ ಅದ ಜಾಗ.

ಭವನ ಎಲ್ಲಾ ಸುಮ್ನಾತು. ಆವಾಗ ಮೊದಲ ಸಾಲಿನಿಂದ ಆಯಿ ಗಟ್ಟಿ ದನಿಲೆ, ಕೊನೀ ಸಾಲಿನ ತನಕ ಕೇಳೂವಂಗ, ಕೊಂಡಿ ನಂದು, ಅದನ್ನೂ ಮುಟ್ಟಿ ನೋಡಂತ ಹೇಳವಾ ಅಂದಳು.

ಅವರು ಬಟ್ಟಿ ತಿರುವಿ ಸೆರಗಿನ ಕಡೆ ಹೆಬ್ಬಟ್ಟು ಒಯ್ದ್ರು.